ಒರತೆಗೆ ಹಾಸಿದ ಪರಸಿ ಕಲ್ಲು

ನಮ್ಮೂರ ಮೇಲಿನ ಕಾಡಿನಲ್ಲಿದ್ದ ಒರತೆ ಬತ್ತಿದ್ದು ನನ್ನ ಕೈಯಿಂದ. ಊರಲ್ಲಿ ಕೇಳಿದರೆ ಮಳೆ ಕಡಿಮೆಯಾಯಿತು ಎನ್ನುತ್ತಾರೆ, ಬೋರು ಹೆಚ್ಚಾದವು ಎನ್ನುತ್ತಾರೆ. ನನ್ನ ಮುಖ ನೋಡಿ ಹಾಗೆ ಹೇಳುತ್ತಾರೆ ಅಷ್ಟೆ. ಆ ವರ್ಷ ಮಳೆ ಚೆನ್ನಾಗಿಯೇ ಆಗಿತ್ತು. ನಾನು ಓದಿದ್ದು ಮೂರನೆಯ ಇಯತ್ತೆಯವರೆಗೆ ಮಾತ್ರ, ಬರೆಯುವುದು ನಿಧಾನ. ಆದರೆ ಬೇರೆಯವರ ಕೈಯಲ್ಲಿ ಬರೆಸಿದರೆ ಅವರು ನನ್ನನ್ನು ಒಳ್ಳೆಯವಳನ್ನಾಗಿ ಮಾಡಿಬಿಡುತ್ತಾರೆ. ಅದಕ್ಕೇ ನಾನೇ ಕುಳಿತಿದ್ದೇನೆ.

ನನ್ನ ತವರು ಶಹಾಬಾದ. ಅಪ್ಪ ಕಲ್ಲಿನ ಖಣಿಯಲ್ಲಿ ಪರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು, ಎಬ್ಬಿಸುತ್ತಿದ್ದ. ನಮ್ಮಲ್ಲಿ ಅಂಗಳಕ್ಕೆ ಪರಸಿ, ಬಚ್ಚಲಿಗೆ ಪರಸಿ, ದನದ ಗೋದಲಿಗೆ ಪರಸಿ, ಮನೆಯ ಮಾಳಿಗೆಗೂ ಪರಸಿ. ಸತ್ತವರ ಗದ್ದುಗೆಯ ಮೇಲೆ ಹೊಚ್ಚುವುದೂ ಅದೇ. ಕಲ್ಲು ಹಾಸಿದ ಜಾಗ ಸ್ವಚ್ಛ, ಹಾಸದ ಜಾಗ ಹೊಲಸು, ಇಷ್ಟು ಮಾತ್ರ ನನಗೆ ಹುಟ್ಟಿದಾಗಿನಿಂದ ಗೊತ್ತು. ಬೆರಳ ಗೆಣ್ಣಿನಿಂದ ತಟ್ಟಿ ಕಲ್ಲು ಒಳಗೆ ಒಡೆದಿದೆಯೋ ಇಲ್ಲವೋ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ.

ಕೊಟ್ಟಿದ್ದು ಚಿಂಚೋಳಿ ಕಡೆಯ ಕಾಡಂಚಿನ ಊರಿಗೆ. ಬಂದ ಹೊಸದರಲ್ಲಿ ಮಣ್ಣಿನ ನೆಲ ನೋಡಿ ಅತ್ತಿದ್ದೆ. ಕೆಂಪು ಮಣ್ಣು, ಸೀರೆಯ ಅಂಚಿಗೆ ಹತ್ತಿದರೆ ಎಷ್ಟು ತೊಳೆದರೂ ಹೋಗುವುದಿಲ್ಲ. ನಮ್ಮ ಮನೆಯವರು ಕಾಡಿನ ಕಾವಲುಗಾರರಾಗಿದ್ದರು. ಕಾಯಂ ಕೆಲಸವಲ್ಲ, ದಿನಗೂಲಿ. ಬೇರೆಯವರು ಆ ಕೆಲಸ ಮಾಡುವುದೆಂದರೆ ಕಟ್ಟಿಗೆ ತರುವ ಹೆಂಗಸರ ಕೊಡಲಿ ಕಸಿದುಕೊಳ್ಳುವುದು. ಇವರು ಮಾಡುತ್ತಿದ್ದುದು ಒರತೆ ಕಾಯುವುದು.

ಒರತೆ ಎಂದರೆ ದೊಡ್ಡದೇನಲ್ಲ. ಎರಡು ಬಂಡೆಗಳ ನಡುವೆ ನೀರು ಜಿನುಗಿ ಒಂದು ಹಾಸಿಗೆಯಷ್ಟು ಜಾಗದಲ್ಲಿ ನಿಲ್ಲುತ್ತಿತ್ತು, ಅದರ ಸುತ್ತ ಅಂಗಳದಷ್ಟು ಕೆಸರು. ಬೇಸಿಗೆಯಲ್ಲಿ ಆ ಮಗ್ಗುಲ ಕಾಡಿಗೆಲ್ಲ ಅದೊಂದೇ ನೀರು. ವರ್ಷಕ್ಕೊಮ್ಮೆ ಎಲೆ ಕೊಳೆತು ಹೂಳು ತುಂಬಿದಾಗ ಇವರು ಹೋಗಿ ತೆಗೆಯುತ್ತಿದ್ದರು. ಗುದ್ದಲಿ ಒಯ್ಯುತ್ತಿರಲಿಲ್ಲ. ಒಂದು ತೆಂಗಿನ ಚಿಪ್ಪು, ಎರಡು ಕೈ. ನೀರು ಬರುವ ಕಡೆಯ ಹೂಳು ಮಾತ್ರ ತೆಗೆದು, ಪ್ರಾಣಿಗಳು ಇಳಿಯುವ ಕಡೆಯ ಕೆಸರು ಮುಟ್ಟದೆ ಬರುತ್ತಿದ್ದರು. ಒಮ್ಮೆ ಬುತ್ತಿ ಕೊಡಲು ಹೋದವಳು ನೋಡಿ ನಕ್ಕಿದ್ದೆ.

"ಅರ್ಧ ಬಳದು ಅರ್ಧ ಬಿಟ್ಟೀರಲ್ರಿ. ಇದೇನ್ ಕೆಲಸ?"

"ಈ ಕಡಿ ನಂದು. ಆ ಕಡಿ ಅವರದು," ಎಂದರು.

"ಯಾರದು?"

"ಹೆಜ್ಜಿ ಅವ ನೋಡು. ಹೆಸರ ಬರದ್ ಹೋಗ್ಯಾರ."

ನಾನು ನೋಡಲಿಲ್ಲ. ನನಗೆ ಕಂಡದ್ದು ಕೆಸರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಡಿನ ಸಾಹೇಬರೊಬ್ಬರು ಬಂದರು. ವಯಸ್ಸು ಚಿಕ್ಕದು, ನೆಲದ ಮೇಲೆ ಕುಳಿತು ಮಾತಾಡುವ ಮನುಷ್ಯ. ಊರಿನ ಹೆಂಗಸರನ್ನೆಲ್ಲ ಕೂಡಿಸಿ ಹೇಳಿದರು. ಕಲಬುರ್ಗಿಯಿಂದ, ಬೀದರಿನಿಂದ, ಹೈದರಾಬಾದಿನಿಂದ ಜನ ಕಾಡು ನೋಡಲು ಬರುತ್ತಾರೆ. ನೀವು ರೊಟ್ಟಿ ಮಾಡಿ ಹಾಕಿರಿ, ದಾರಿ ತೋರಿಸಿರಿ. ಬಂದದ್ದು ಊರಿಗೇ ಇರಲಿ. ಕಟ್ಟಿಗೆ ಕಡಿದು ಮಾರುವುದು ಬಿಡಿರಿ.

"ಕಾಡ ನೋಡ್ಲಿಕ್ಕ ಯಾರ್ ಬರ್ತಾರ್ರಿ ಸಾಹೇಬ್ರ?" ಎಂದೆ ನಾನು. "ನಾವ್ ದಿನಾ ನೋಡ್ತೀವಿ, ನಮಗ್ ಏನೂ ಆಗಿಲ್ಲ."

ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ಆದರೆ ಜನ ಬಂದರು.

ಆ ಹೊತ್ತಿಗೆ ನನ್ನ ಮಗಳು ಗಂಡ ಸತ್ತು ಕೂಸನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದಿದ್ದಳು. ಗಂಡನ ಮನೆಯವರು ಎರಡು ತಿಂಗಳು ಇಟ್ಟುಕೊಂಡು ಕಳಿಸಿದ್ದರು. ನಮ್ಮೂರಲ್ಲಿ ಅಂಥವರಿಗೆ ಇದ್ದದ್ದು ಒಂದೇ ದಾರಿ. ಸುಗ್ಗಿ ಮುಗಿದ ಮೇಲೆ ಮುಕಾದಮ ಬರುತ್ತಾನೆ, ಆಳುಗಳನ್ನು ಗಾಡಿಯಲ್ಲಿ ತುಂಬಿಕೊಂಡು ಹೈದರಾಬಾದಿಗೆ ಮನೆ ಕಟ್ಟುವ ಕೆಲಸಕ್ಕೆ ಒಯ್ಯುತ್ತಾನೆ. ಹೋದ ಹೆಂಗಸರು ಅಲ್ಲಿ ಸಿಮೆಂಟಿನ ಚೀಲ ಹೊದ್ದ ಗುಡಿಸಲಲ್ಲಿ ಇರುತ್ತಾರೆ. ಗಂಡಿಲ್ಲದವಳು ಅಲ್ಲಿ ಹೇಗೆ ಇರುತ್ತಾಳೆ ಎನ್ನುವುದನ್ನು ನಾನು ಕೇಳಿ ಬಲ್ಲೆ. ಮಗಳನ್ನು ಆ ಗಾಡಿ ಹತ್ತಿಸಬಾರದು, ಆ ವರ್ಷಗಳಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ಕಾಡಿನ ಬಾಯಲ್ಲಿ ಒಂದು ತಗಡಿನ ಚಪ್ಪರ ಹಾಕಿಕೊಟ್ಟರು. ಅಡುಗೆ ಮಗಳದ್ದು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಅವಳ ರೊಟ್ಟಿ ತೆಳ್ಳಗೆ, ಒಂದೇ ಗುಂಡಗೆ. ಪೇಟೆಯ ಹೆಂಗಸರು ಅದನ್ನು ಎತ್ತಿ ಹಿಡಿದು ನೋಡುತ್ತಿದ್ದರು. ಬಂದಾಗಿನಿಂದ ತಲೆ ಎತ್ತದವಳು ಒಲೆಯ ಮುಂದೆ ಕುಳಿತು ನಗುವುದನ್ನು ಕಲಿತಳು.

ಬೆಳಗಿನ ಜಾವ ಇವರು ಜನರನ್ನು ಒರತೆಗೆ ಕರೆದೊಯ್ಯುತ್ತಿದ್ದರು. ಒಂದು ಸಲಕ್ಕೆ ಆರು ಮಂದಿ, ಏಳನೆಯವನು ಮೈಗೆ ಸುಗಂಧ ಹಚ್ಚಿಕೊಂಡ ಸಾವುಕಾರನಾದರೂ ಚಪ್ಪರದಲ್ಲಿ ಕುಳಿತು ಕಾಯಬೇಕು. ಬಂಡೆಯ ಹಿಂದೆ ನಿಲ್ಲಬೇಕು, ಕೆಸರಿಗೆ ಇಳಿಯಬಾರದು. ಪ್ರಾಣಿ ಕಾಣುವುದು ಅಪರೂಪ, ಆದರೆ ರಾತ್ರಿಯೆಲ್ಲ ಬಂದು ಹೋದವರ ಹೆಜ್ಜೆ ಕೆಸರಿನಲ್ಲಿ ಇರುತ್ತಿದ್ದವು. ಇವರು ಒಂದು ಕಡ್ಡಿ ಹಿಡಿದು ಓದಿ ಹೇಳುತ್ತಿದ್ದರು. ಒಂದಕ್ಷರ ಬಾರದ ಮನುಷ್ಯ.

"ಇದು ಮುಳ್ಳಹಂದಿ ನೋಡ್ರಿ. ಹಿಂದ ಕಸಬರಗಿ ಎಳದಂಗ ಗೆರಿ ಅವ, ಮುಳ್ಳ ತಾಗ್ಯಾವ. ಇಕಿ ಕಾಡಹಂದಿ, ಮರಿ ಕಟ್ಕೊಂಡ್ ಬಂದಾಳ. ಒಂದ್ ಮರಿ ಜಾರಿ ಬಿದ್ದದ, ಇಲ್ಲಿ ಕುಂಡಿ ಊರ್ಯಾದ."

"ಹುಲಿ ಇಲ್ಲೇನ್ರಿ?" ಎಂದು ಯಾರಾದರೂ ಕೇಳುತ್ತಿದ್ದರು. ಪ್ರತಿ ಸಲ ಒಬ್ಬರು ಕೇಳಿಯೇ ಕೇಳುತ್ತಿದ್ದರು.

"ಹುಲಿ ಬೇಕಂದ್ರ ನಮ್ಮ ಮನಿಗಿ ಬರ್ರಿ. ಜ್ವಾಳ ಹಸನ ಮಾಡ್ಲಿಕತ್ತದ."

ಬಂದವರು ಬಂದು ನನ್ನನ್ನು ನೋಡಿ ನಗುತ್ತಿದ್ದರು. ಮೊರ ಹಿಡಿದ ನಾನು ಬೈಯುತ್ತಿದ್ದೆ, ಅದಕ್ಕೂ ನಗುತ್ತಿದ್ದರು.

ಹೆಜ್ಜೆಗಳಲ್ಲಿ ಎಲ್ಲರಿಗೂ ಬೇಕಾದದ್ದು ಒಂದು ಕುಂಟ ತೋಳದ್ದು. ಮುಂದಿನ ಎಡಗಾಲಿಗೆ ಒಂದು ಬೆರಳಿರಲಿಲ್ಲ. ಎಂದೋ ಉರುಳಿಗೆ ಸಿಕ್ಕು ಹರಿದುಕೊಂಡು ಹೋಗಿತ್ತಂತೆ. "ಭಾಳ ಸಂಭಾವಿತ ರೀ ಅಂವ. ಎಲ್ಲಾರೂ ಕುಡದು ಹೋದಮ್ಯಾಗ ಬರ್ತಾನ," ಎಂದು ಇವರು ನೆಂಟನ ಸುದ್ದಿ ಹೇಳಿದಂತೆ ಹೇಳುತ್ತಿದ್ದರು. ಹೋದ ವರ್ಷ ಬಂದವರು ಈ ವರ್ಷ ಬಂದು, ಗಾಡಿಯಿಂದ ಇಳಿಯುವ ಮೊದಲೇ ಕೇಳುತ್ತಿದ್ದರು, ನಿಮ್ಮ ಕುಂಟ ಹೇಗಿದ್ದಾನೆ? ಜನ ಹೋದ ಮೇಲೆ ಇವರು ಮುತ್ತಲದ ಟೊಂಗೆಯೊಂದನ್ನು ಮುರಿದು, ಮನುಷ್ಯರ ಹೆಜ್ಜೆಯನ್ನೆಲ್ಲ ದಾರಿಯುದ್ದಕ್ಕೂ ಅಳಿಸಿಹೋಗುವಂತೆ ಬಳಿದುಕೊಂಡು ಹಿಂದೆ ಹಿಂದೆ ಬರುತ್ತಿದ್ದರು. ನಾಳೆಯವರು ಬಂದಾಗ ಕಾಡಿನವರ ಹೆಜ್ಜೆ ಮಾತ್ರ ಇರಬೇಕು.

ಮೂರು ಬೇಸಿಗೆ ಹೀಗೆ ನಡೆಯಿತು. ನಾಲ್ಕನೆಯದರಲ್ಲಿ ಕಲಬುರ್ಗಿಯಿಂದ ಒಂದು ದೊಡ್ಡ ತಂಡ ಬಂತು. ಅದರಲ್ಲಿದ್ದ ಒಬ್ಬ ಬಾಯಿಯವರು, ಶಾಲೆಯ ಹಿರಿಯ ಟೀಚರಂತೆ, ಹೆಜ್ಜೆ ಹತ್ತಿರದಿಂದ ನೋಡಬೇಕೆಂದು ಬಂಡೆ ಇಳಿದು ಜಾರಿ ಕೆಸರಿನಲ್ಲಿ ಕುಳಿತುಬಿಟ್ಟರು. ರೇಷ್ಮೆ ಸೀರೆ ಕೆಂಪಾಯಿತು. ಚಪ್ಪರಕ್ಕೆ ಬಂದು ಊಟ ಮಾಡದೆ ನಿಂತರು.

"ಜನಾ ಕರೀತೀರಿ, ಕಾಲಿಡಲಿಕ್ಕ ಒಂದ್ ಜಾಗಾ ಮಾಡಿಲ್ಲ. ಇನ್ನ ಯಾರ್ ಬರ್ತಾರ ಇಲ್ಲಿ?"

ಮಗಳು ಕೈಯಲ್ಲಿ ತಂಬಿಗೆ ಹಿಡಿದು, ಸೀರೆಯ ಅಂಚು ತೊಳೆಯಲು ಅವರ ಕಾಲ ಬಳಿ ಕುಳಿತಳು. ಅವರು ಕಾಲು ಹಿಂದೆ ತೆಗೆದುಕೊಂಡರು. ಅಷ್ಟೇ ಆದದ್ದು. ಆದರೆ ಮಗಳ ಮುಖ ನೋಡಿದೆ. ಗಂಡನ ಮನೆಯಿಂದ ಬಂದ ದಿನದ ಮುಖವೇ.

ಆ ಸಂಜೆ ನಮ್ಮಿಬ್ಬರಿಗೂ ಜಗಳ.

"ಅಲ್ಲಿ ನಾಲ್ಕ್ ಪರಸಿ ಹಾಸಿದ್ರ ಏನಾಗ್ತದ್ರಿ?" ಎಂದೆ.

"ಹಾಸಬ್ಯಾಡ."

"ಯಾಕ?"

"ಹಾಸಬ್ಯಾಡ ಅಂದ್ರ ಹಾಸಬ್ಯಾಡ."

ಇವರಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ನನಗೆ ಬಿಡಿಸಿ ಹೇಳದ ಮಾತು ಕೇಳಿ ಗೊತ್ತಿರಲಿಲ್ಲ. "ಮುಳ್ಳಹಂದಿಗಿ ಕೆಸರ ಬೇಕು, ಮಗಳಿಗಿ ಏನೂ ಬ್ಯಾಡೇನು?" ಎಂದೆ. ಇವರು ಎದ್ದು ಹೊರಗೆ ಹೋದರು.

ಇವರ ಒಂದು ಕಣ್ಣಿಗೆ ಪೊರೆ ಬಂದಿತ್ತು. ಮಳೆಗಾಲ ಮುಗಿದ ಮೇಲೆ ಸೇಡಮಿನಲ್ಲಿ ಆಪರೇಷನ್ ಮಾಡಿಸಿಕೊಂಡು, ಧೂಳು ತಾಗಬಾರದೆಂದು ಅಲ್ಲಿಯೇ ತಂಗಿಯ ಮನೆಯಲ್ಲಿ ಉಳಿದರು. ಅದೇ ಹೊತ್ತು ನೋಡಿ ನಾನು ಶಹಾಬಾದಿಗೆ ಹೋಗಿ ಅಣ್ಣನಿಗೆ ಹೇಳಿದೆ. ಅಂಚು ಮುರಿದ ಪರಸಿ ಖಣಿಯ ಬಾಯಲ್ಲಿ ಬಿದ್ದಿರುತ್ತವೆ, ಯಾರೂ ಒಯ್ಯುವುದಿಲ್ಲ. ಚಿಂಚೋಳಿ ಕಡೆ ಬರುವ ಲಾರಿಯಲ್ಲಿ ಹಾಕಿಸಿ ಕಳಿಸಿದ. ವಾಡಿಯಲ್ಲಿರುವ ಚಿಕ್ಕಪ್ಪನ ಮನೆಯಲ್ಲಿ ಉಳಿದಿದ್ದ ಸಿಮೆಂಟೂ ಬಂತು. ಊರಿನಿಂದ ಒರತೆಯವರೆಗೆ ಹೆಂಗಸರೇ ತಲೆಯ ಮೇಲೆ ಹೊತ್ತೆವು. ಎಲ್ಲರಿಗೂ ಹುರುಪು. ತಮ್ಮ ಕಾಡಿಗೆ ಒಂದು ಅಂಗಳ ಮಾಡುತ್ತಿದ್ದೇವೆ ಎನ್ನುವ ಹುರುಪು.

ಕೆಲಸ ಅಡ್ಡಾದಿಡ್ಡಿ ಮಾಡಿದ್ದರೆ ಒರತೆ ಉಳಿಯುತ್ತಿತ್ತೇನೋ. ನಾನು ಅಪ್ಪ ಕಲಿಸಿದ ಹಾಗೆ ಚೊಕ್ಕ ಮಾಡಿದೆ. ಕಲ್ಲಿನ ಕೆಳಗೆ ಹಸಿ ನಿಲ್ಲಬಾರದು, ನಿಂತರೆ ಒಂದು ಮಳೆಗಾಲಕ್ಕೆ ಕಲ್ಲು ಮೇಲೇಳುತ್ತದೆ. ಅದಕ್ಕೆ ಕೆಸರನ್ನೆಲ್ಲ ಬಳಿದು ಹೊರಗೆ ಹಾಕಿಸಿದೆ, ಮುರುಮು, ಅಂದರೆ ಗರಸು ಮಣ್ಣು, ಹಾಕಿ ಬಡಿಸಿದೆ. ಎಲ್ಲಿ ಜಿನುಗು ಕಂಡಿತೋ ಅಲ್ಲಿ ನಾನೇ ಬೆರಳು ಹಾಕಿ ಸಿಮೆಂಟು ತುಂಬಿದೆ. ಬಂಡೆಯ ಸಂದಿನಲ್ಲಿ ಒಂದು ಬಾಯಿ ಮಾತ್ರ ಬಿಟ್ಟು ಅದರ ಮುಂದೆ ಚೌಕಾಗಿ ಒಂದು ತೊಟ್ಟಿ ಮಾಡಿದೆ. ತೊಟ್ಟಿಯಲ್ಲಿ ನೀರು ತಿಳಿಯಾಗಿ ನಿಂತಿತು, ತಳ ಕಾಣುತ್ತಿತ್ತು. ಆ ಸಾಹೇಬರು ಬಂದು ಬೂಟು ಹಾಕಿಕೊಂಡೇ ಅದರ ಮೇಲೆ ನಡೆದು, "ಛಲೋ ಕಾಣ್ತದ ನೋಡ್ರಿ ಅಮ್ಮಾ," ಎಂದರು. ನನಗೆ ಹೆಮ್ಮೆಯಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಇವರು ಕಪ್ಪು ಕನ್ನಡಕ ಹಾಕಿಕೊಂಡು ಸೇಡಮಿನಿಂದ ಬಂದರು. ಮರುದಿನ ಬೆಳಿಗ್ಗೆ ಒರತೆಗೆ ಹೊರಟಾಗ ನಾನೂ ಹಿಂದೆ ಹೋದೆ, ಏನನ್ನುತ್ತಾರೆ ನೋಡಬೇಕೆಂದು. ಬಂಡೆಯ ಹತ್ತಿರ ನಿಂತು ಕನ್ನಡಕ ತೆಗೆದರು. ಬಿಸಿಲಿಗೆ ಕಣ್ಣಲ್ಲಿ ನೀರು ಬಂತು.

"ಚಾಳೀಸ ಹಾಕೋರಿ, ಡಾಕ್ಟರ ತೆಗಿಬ್ಯಾಡ ಅಂದಾರ," ಎಂದೆ.

ಅವರು ಕುಕ್ಕರಗಾಲಲ್ಲಿ ಕುಳಿತು ಅಂಗೈಯಿಂದ ಕಲ್ಲು ಸವರಿದರು. ಆಮೇಲೆ ಕೇಳಿದರು, "ಇದರ ಮ್ಯಾಲ ಹೆಜ್ಜಿ ಹ್ಯಾಂಗ ಮೂಡ್ತಾವ?"

ಅಷ್ಟು ದಿನ, ಅಷ್ಟು ಹೆಂಗಸರು, ಆ ಸಾಹೇಬರು, ಒಬ್ಬರಿಗಾದರೂ ಆ ಮಾತು ಹೊಳೆದಿರಲಿಲ್ಲ. ಜನ ಕಲಬುರ್ಗಿಯಿಂದ ಗಾಡಿ ಮಾಡಿಕೊಂಡು ನೋಡಲು ಬರುತ್ತಿದ್ದುದು ನಾನು ಬಳಿದು ಹಾಕಿದ ಆ ಕೆಸರನ್ನೇ.

ಬೇಸಿಗೆ ಬಂತು. ಪರಸಿ ಕಾದು ಹಂಚಾಯಿತು. ಸಂಜೆಯಾದರೂ ಆರುತ್ತಿರಲಿಲ್ಲ. ಸಿಮೆಂಟಿನ ವಾಸನೆ ಪ್ರಾಣಿಗಳಿಗೆ ಎಷ್ಟು ದಿನ ಇರುತ್ತದೋ ನನಗೆ ತಿಳಿಯದು. ಬಂದ ಆರು ಮಂದಿ ಬಂಡೆಯ ಹಿಂದೆ ನಿಂತು ಖಾಲಿ ಕಲ್ಲು ನೋಡಿದರು. ಇವರು ಕಡ್ಡಿಯನ್ನು ಕಂಕುಳಲ್ಲಿ ಇಟ್ಟುಕೊಂಡರು. "ಕುಂಟ ಎಲ್ಲಿ?" ಎಂದು ಕೇಳಿದವರಿಗೆ, "ಬಂದಿಲ್ರಿ" ಎಂದರು. ತಿಂಗಳೊಳಗೆ ತೊಟ್ಟಿಯ ನೀರೂ ಇಳಿಯಿತು. ನಾನು ಜಿನುಗು ಮುಚ್ಚಿದ ಕಡೆ ಹೊರಬರಲಾರದೆ ಅದು ಎತ್ತಲೋ ತಿರುಗಿಬಿಟ್ಟಿತ್ತು. ರೊಟ್ಟಿ ಉಳಿಯತೊಡಗಿದವು. ಉಳಿದ ರೊಟ್ಟಿಯನ್ನು ಮಗಳು ಬಿಸಿಲಿಗೆ ಒಣಗಿಸಿ ಕಟ್ಟಿಟ್ಟಳು, ಅದನ್ನು ತಿನ್ನಲೂ ಯಾರೂ ಬರಲಿಲ್ಲ. ಆ ಸಾಹೇಬರಿಗೆ ಬೇರೆ ಕಡೆ ವರ್ಗವಾಯಿತು.

ಮುಂದಿನ ಸುಗ್ಗಿ ಮುಗಿದು ಮುಕಾದಮ ಬಂದಾಗ ಮಗಳು ನನ್ನನ್ನು ಕೇಳಲಿಲ್ಲ, ಅಪ್ಪನನ್ನು ಕೇಳಲಿಲ್ಲ. ಗಂಟು ಕಟ್ಟಿ, ಹುಡುಗಿಯ ಕೈ ಹಿಡಿದು ಗಾಡಿಯ ಹತ್ತಿರ ನಿಂತಳು.

"ಹುಡುಗಿನ್ನರ ಬಿಟ್ಟ ಹೋಗು. ಸಾಲಿಗಿ ಹೊಂಟದ," ಎಂದೆ.

"ಅಕಿ ಇಲ್ದ ನಾ ಅಲ್ಲಿ ಹ್ಯಾಂಗ ಇರ್ಲವ್ವಾ? ಅಕಿ ಮಗ್ಗಲ್ದಾಗಿದ್ರ ಜರಾ ಧೈರ್ಯ ಇರ್ತದ."

ಗಾಡಿ ಹೋಯಿತು. ನಾನು ಅಳಲಿಲ್ಲ. ಮನೆಗೆ ಬಂದು ಜೋಳ ಹಸನು ಮಾಡಿದೆ.

ಇವರು ಹಾರೆ ತೆಗೆದುಕೊಂಡು ಹೋಗಿ ಪರಸಿಗಳನ್ನು ಒಂದೊಂದಾಗಿ ಎಬ್ಬಿಸಿದರು. ಎಷ್ಟೋ ದಿನ ಹಿಡಿಯಿತು, ನಾನು ಭದ್ರವಾಗಿ ಕೂರಿಸಿದ್ದೆ. ಕೆಳಗೆ ಒಣ ಮುರುಮು. ನೀರು ಬರಲಿಲ್ಲ.

ಅದರ ಮುಂದಿನ ಬೇಸಿಗೆಯಲ್ಲಿ ಒಂದು ಮುಂಜಾನೆ ಇವರು ಕಾಡಿನಿಂದ ಬಂದರು. ಊರಲ್ಲಿ ಎಲ್ಲಿಯೂ ಹಸಿ ಇಲ್ಲದ ದಿನಗಳು. ಇವರ ಪಾದದ ತುಂಬ ಹಸಿ ಕೆಸರು. ಉಣ್ಣಲು ಕುಳಿತವರು ಎಷ್ಟೋ ತಿಂಗಳ ಮೇಲೆ ತಾವೇ ಮಾತು ತೆಗೆದರು.

"ಕುಂಟ ಅರಾಮ ಅದಾನ."

ನಾನು ಬಡಿಸುವುದು ಬಿಟ್ಟೆ. "ನೀರ ಎಲ್ಲಿ ಹೊಂಟದ್ರಿ?"

ಅವರು ರೊಟ್ಟಿ ಮುರಿದರು.

"ಹೇಳ್ರಿ. ಹೊಸಾ ಸಾಹೇಬ್ರಿಗಿ ತೋರಿಸಿದ್ರ ಚಪ್ಪರ ಮತ್ತ ತೆರೀತಾರ. ಮಗಳ ಬರ್ತಾಳ."

"ಹೇಳಿದ್ರ ನೀ ಮತ್ತ ಕಲ್ಲ ಹಾಸ್ತಿ."

ನಗುತ್ತ ಹೇಳಿದರೋ ಸಿಟ್ಟಿನಿಂದ ಹೇಳಿದರೋ ನನಗೆ ಇಂದಿಗೂ ತಿಳಿದಿಲ್ಲ. ನಾನು ಮುಂದೆ ಎಷ್ಟು ಸಲ ಕೇಳಿದೆ! ಬೈದೆ, ಉಪವಾಸ ಕುಳಿತೆ, ಮಗಳು ಅಲ್ಲಿ ಕಾಲು ಮುರಿದುಕೊಂಡ ಸುದ್ದಿ ಬಂದಾಗ ಕಾಲು ಹಿಡಿದು ಕೇಳಿದೆ. ಆ ಸಲ ಅವರು ತಾವೇ ಹೈದರಾಬಾದಿಗೆ ಹೋಗಿ ಮಗಳ ಹತ್ತಿರ ಒಂದು ತಿಂಗಳಿದ್ದು ಬಂದರು. ಅಲ್ಲಿ ಅವಳಿಗೆ ಅಡುಗೆ ಮಾಡಿ ಹಾಕಿದರಂತೆ, ಬಟ್ಟೆ ಒಗೆದರಂತೆ. ನೀರು ಎಲ್ಲಿದೆ ಎಂದು ಮಾತ್ರ ಅವಳಿಗೂ ಹೇಳಲಿಲ್ಲ.

ಎರಡು ವರ್ಷದ ಮೇಲೆ ಎದೆನೋವಿನಿಂದ ಹೋದರು. ಮಾತು ಆಡಲಾಗದೆ ಮೂರು ದಿನ ಇದ್ದರು. ಹೇಳುವುದಿದ್ದರೆ ಕೈಸನ್ನೆಯಲ್ಲಾದರೂ ಹೇಳಬಹುದಿತ್ತು. ಹೊಲದ ಬದುವಿನಲ್ಲಿ ಮಣ್ಣು ಕೊಟ್ಟೆವು. ಗದ್ದುಗೆಯ ಮೇಲೆ ಪರಸಿ ಹಾಸೋಣವೇ ಎಂದು ಅಣ್ಣ ಕೇಳಿದ. ಬೇಡ ಎಂದೆ.

ಮಗಳು ಕುಂಟುತ್ತ ಬಂದಿದ್ದಳು. ಹೋಗುವ ದಿನ ಕೇಳಿದಳು, "ಅಪ್ಪ ನಿನಗ ಹೇಳಿದ್ನೇನವ್ವಾ?"

"ಇಲ್ಲ."

"ಖರೆ ಹೇಳು."

"ನಾ ಯಾವಾಗ ಸುಳ್ಳ ಹೇಳೀನಿ?"

ಆಗ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಾಗಿದ್ದು, ಅಂದರೆ ಗೊತ್ತು ಮಾಡಿಕೊಳ್ಳಬಹುದಾಗಿದ್ದು, ಮುಂದಿನ ಬೇಸಿಗೆಯಲ್ಲಿ. ಒಂದು ಬೆಳಿಗ್ಗೆ ಇವರು ನಡೆಯುತ್ತಿದ್ದ ಹಾದಿ ಹಿಡಿದು ಹೋದೆ. ಹಳೆಯ ಒರತೆ ದಾಟಿ, ಸೀತಾಫಲದ ಗಿಡಗಳ ನಡುವೆ ಕಾಲುದಾರಿ ಕೆಳಗಿನ ಕಂದರದ ಕಡೆ ಇಳಿಯುತ್ತದೆ. ಅಲ್ಲಿ ಹಿಟ್ಟಿನಂಥ ಧೂಳಿನಲ್ಲಿ ಹೆಜ್ಜೆ ಇದ್ದವು. ಬಗ್ಗಿ ನೋಡಿದೆ. ಮುಂದಿನ ಎಡಗಾಲಿಗೆ ಒಂದು ಬೆರಳಿಲ್ಲ. ಹೆಜ್ಜೆ ಹೊಸದು, ಅಂಚು ಇನ್ನೂ ಉದುರಿರಲಿಲ್ಲ.

ಅದರ ಹಿಂದೆ ಹೋದರೆ ನೀರು ಸಿಗುತ್ತದೆ. ನೀರು ಸಿಕ್ಕರೆ ಚಪ್ಪರ ತೆರೆಯುತ್ತದೆ, ಮಗಳು ಊರಿಗೆ ಬರುತ್ತಾಳೆ. ಆದರೆ ಬರೀ ನೋಡಿ ಬರುವವಳಲ್ಲ ನಾನು. ಏನಾದರೂ ಮಾಡಿಯೇ ಮಾಡುತ್ತೇನೆ. ಕಲ್ಲು ಹಾಸದಿದ್ದರೆ ಮೆಟ್ಟಿಲು ಮಾಡುತ್ತೇನೆ, ಮೆಟ್ಟಿಲು ಬೇಡವೆಂದರೆ ಹೂಳು ಪೂರಾ ಬಳಿಯುತ್ತೇನೆ. ನನ್ನ ಕೈ ಸುಮ್ಮನಿರುವ ಕೈಯಲ್ಲ. ಇವರಿಗೆ ಅದು ನನಗಿಂತ ಮೊದಲು ಗೊತ್ತಿತ್ತು.

ತಿರುಗಿದೆ. ಮುತ್ತಲದ ಒಂದು ಟೊಂಗೆ ಮುರಿದುಕೊಂಡು, ನನ್ನ ಹೆಜ್ಜೆಯನ್ನೆಲ್ಲ ಬಳಿದುಕೊಂಡು ಹಿಂದೆ ಹಿಂದೆ ಬಂದೆ. ಸೊಂಟ ನೋಯಿತು.

ಇದನ್ನು ಮಗಳಿಗೆ ಬಾಯಿಂದ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆದೆ. ಅವಳಿಗೆ ಓದು ಬಾರದು. ಮೊಮ್ಮಗಳು ಓದಿ ಹೇಳಲಿ ಎಂದುಕೊಂಡಿದ್ದೆ. ಹೋದ ಹಬ್ಬಕ್ಕೆ ಬಂದಾಗ ಆ ಹುಡುಗಿ ನನ್ನನ್ನು ಆಯಿ ಎನ್ನದೆ ಅಮ್ಮಮ್ಮ ಎಂದು ಕರೆದಳು. ಮೊದಲ ಹಾಳೆ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ ಹಿಂದಕ್ಕೆ ಕೊಟ್ಟಳು. ಅಲ್ಲಿ ಅವಳು ಕಲಿತದ್ದು ತೆಲುಗು.